ಸತ್ತವರು ನಗಬೇಕು

ನಮ್ಮ ಸಾಹೇಬರನ್ನು ನಾನು ಕೊಂದದ್ದು ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ, ಏಳನೆಯ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಪಕ್ಕದಲ್ಲಿ. ಒಂದು ಸಲ ಚುಚ್ಚಿ ಎಂದು ಹೇಳಿದ್ದರು. ನಾನು ಏಳು ಸಲ ಚುಚ್ಚಿದೆ.

ಸಿನಿಮಾಕ್ಕೆ ಸ್ವಾಮಿ, ಗಾಬರಿಯಾಗಬೇಡಿ. ಸಾಲಾಗಿ ಮೂರು ದಿನ ರಜೆ ಬಂದಾಗ ಟೋಂಗ್ ಎಂಬ ಗಡ್ಡದ ನಿರ್ದೇಶಕ ನಮ್ಮ ಆಫೀಸನ್ನು ಶೂಟಿಂಗಿಗೆ ಹಿಡಿದಿದ್ದ. ಕಥೆ ಏನೆಂದರೆ, ಒಬ್ಬ ಗುಮಾಸ್ತೆ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೊಂದು ಅವರವರ ಕುರ್ಚಿಯಲ್ಲೇ ಕೂರಿಸುತ್ತಾಳೆ. ಕೆಲಸ ಮೊದಲು ಎಷ್ಟು ಸಾಗುತ್ತಿತ್ತೋ ಆಮೇಲೂ ಅಷ್ಟೇ ಸಾಗುವುದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಬ್ಯಾಂಕಾಕಿನಲ್ಲಿ ಆಫೀಸು ನೋಡಿದ ನನಗೆ ಇದರಲ್ಲಿ ಕಟ್ಟುಕಥೆ ಯಾವುದು ಎಂದು ತಿಳಿಯಲಿಲ್ಲ.

ಕಪಾಟು ಮುರಿಯದಂತೆ ನೋಡಿಕೊಳ್ಳಲು ಆಫೀಸಿನಿಂದ ನನ್ನನ್ನು ಹಾಕಿದ್ದರು. ನಾಯಕಿಗೆ ಡೆಂಗಿ ಜ್ವರ ಬಂತು. ನಾನು ಮೂಲೆಯಲ್ಲಿ ಕೂತು ಹಳೆಯ ಫೈಲುಗಳ ದಾರ ಕತ್ತರಿಸುತ್ತಿದ್ದೆ. ಟೋಂಗ್ ನನ್ನ ಮುಂದೆ ಬಂದು ನಿಂತ.

"ಲಮ್ಯೈ ಅಕ್ಕಾ, ಆ ಕತ್ತರಿ ಹಿಡಿಯೋದು ಯಾರು ಕಲಿಸಿದ್ರು ನಿಮಗೆ?"

"ಯಾಕಪ್ಪಾ?"

"ನೋಡಿದ್ರೆ ನಡುಕ ಬರುತ್ತೆ. ನೀವೇ ನನ್ನ ಕೊಲೆಗಾರ್ತಿ."

ಮೇಲಧಿಕಾರಿಯ ಪಾತ್ರಕ್ಕೆ ಬಂದಿದ್ದ ನಟ ನಗುಮುಖದವನು, ಹಾಗಾಗಿ ಒಗ್ಗಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಣೆಗೆಂದು ನಮ್ಮ ನಿಜವಾದ ಮೇಲಧಿಕಾರಿ ವಿಚಿಯನ್ ಸಾಹೇಬರು ಬಂದರು. ಇಪ್ಪತ್ತು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ಕಂಡಿಲ್ಲ. ಟೋಂಗ್ ಕೈ ಮುಗಿದು ಕೇಳಿದ. "ಹತ್ತು ನಿಮಿಷದಲ್ಲಿ ಮುಗೀಬೇಕು" ಎಂದು ಸಾಹೇಬರು ಒಪ್ಪಿದರು.

ಅಲಗು ಒಳಸರಿದು ಬಣ್ಣದ ರಕ್ತ ಸುರಿಸುವ ಆಟದ ಕತ್ತರಿಯಿಂದ ನಾನು ಚುಚ್ಚಿದೆ. ಮೊದಲನೆಯದು ಬರೆದುಕೊಟ್ಟ ಹಾಗೆ. ಎರಡನೆಯದರಿಂದ ನನ್ನ ಕೈಗೆ ಯಾರ ಲಗಾಮೂ ಇರಲಿಲ್ಲ. "ಇದು ನನ್ನ ತಂಗಿ ಮದುವೆ ದಿನ ರಜ ಕೊಡದೇ ಇದ್ದಿದ್ದಕ್ಕೆ! ಇದು ಅಂಚು ಒಂದು ಬೆರಳು ಕಮ್ಮಿ ಅಂತ ಹನ್ನೊಂದು ಸಲ ಪತ್ರ ವಾಪಸ್ ಕಳಿಸಿದ್ದಕ್ಕೆ!" ಎನ್ನುತ್ತಾ ಏಳಕ್ಕೆ ಮುಟ್ಟಿದೆ. ಸುಳ್ಳು ಯಾಕೆ ಹೇಳಲಿ, ಹಾಯೆನಿಸಿತು. ಸಾಹೇಬರು ಬಿದ್ದರು. ಬಿದ್ದ ಮೇಲೆ ಎದೆಗೆ ಅಂಟಿಸಿದ ಅರ್ಧ ಕತ್ತರಿ ಸೊಗಸಾಗಿ ನಿಂತಿತ್ತು. ಟೋಂಗ್ ಕುಣಿದಾಡಿದ.

ಆಗ ಸಾಹೇಬರ ಫೋನು ಬಡಿದುಕೊಂಡಿತು. ಹೆಣ ಎದ್ದು ಫೋನು ಕಿವಿಗಿಟ್ಟಿತು, ಮುಖ ಬಿಳಿಚಿತು, ಸರಸರನೆ ಮೆಟ್ಟಿಲು ಇಳಿದು ಹೋಯಿತು.

"ಅಯ್ಯೋ! ನಗಲಿಲ್ಲ!" ಎಂದು ಕಿರುಚಿದವರು ಬಣ್ಣ ಹಚ್ಚುವ ಪಯೋಮ್ ದೊಡ್ಡಮ್ಮ.

ನಮ್ಮಲ್ಲಿ ಸಿನಿಮಾದಲ್ಲಿ ಸತ್ತವರು ಕೂಡಲೇ ಕಣ್ಣು ಬಿಟ್ಟು ಅದೇ ಕ್ಯಾಮೆರಾದ ಮುಂದೆ ನಗಬೇಕು. ನಕ್ಕರೆ ಸಾವು ಸುಳ್ಳಾಯಿತು. ಬೆಳಗಿನಿಂದ ನಾನು ಕೊಂದ ಮೂವರೂ ಹಲ್ಲುಬಿಟ್ಟು ನಕ್ಕೇ ತಿಂಡಿಗೆ ಹೋಗಿದ್ದರು.

"ನಗದೇ ಹೋದ್ರೆ ಏನಾಗುತ್ತೆ ದೊಡ್ಡಮ್ಮಾ?"

"ಮೂವತ್ತು ವರ್ಷದಲ್ಲಿ ಒಬ್ಬನೇ ನಗದೆ ಹೋದ. ಮೂರನೇ ದಿನ ಏಣಿಯಿಂದ ಬಿದ್ದ. ಅವನನ್ನ ಕೊಂದವಳು ಸುಮ್ನೆ ಆ್ಯಕ್ಟಿಂಗ್ ಮಾಡಿದ್ಲು. ನೀನು ಮನಸಿಟ್ಟು ಚುಚ್ಚಿದೀಯ ಕಣೇ."

ಆ ಏಳರಲ್ಲಿ ಒಂದು ಸಲವಾದರೂ ಈ ಮನುಷ್ಯ ನಿಜವಾಗಿ ಸಾಯಲಿ ಎಂದುಕೊಂಡಿದ್ದೆ. ಅದು ಪಯೋಮ್ ದೊಡ್ಡಮ್ಮನಿಗೆ ಹೇಗೆ ಗೊತ್ತಾಯಿತೋ.

ಸಾಹೇಬರಿಗೆ ಎಂಟು ಸಲ ಫೋನು ಮಾಡಿದೆ. ರಜೆಯಲ್ಲಿ ಆಫೀಸಿನವರ ಫೋನು ಎತ್ತುವ ಜಾತಿಯಲ್ಲ ಅವರು. ಟೋಂಗ್ ತನ್ನ ಕ್ಯಾಮೆರಾವನ್ನು ಹೆತ್ತ ಮಗುವನ್ನು ಒಪ್ಪಿಸುವಂತೆ ನನ್ನ ಕೊರಳಿಗೆ ಹಾಕಿ, "ಕೆಂಪು ಗುಂಡಿ ಒತ್ತಿದ್ರೆ ಸಾಕು ಅಕ್ಕಾ, ಹೇಗಾದ್ರೂ ನಗಿಸ್ಕೊಂಡು ಬನ್ನಿ" ಎಂದ. ನಗಿಸುವುದಂತೆ! ಕಲ್ಲಿನಿಂದ ನಾರು ತೆಗೆಯುವುದಾದರೂ ಸುಲಭ.

ಕೆಳಗೆ ಕಾವಲುಗಾರನನ್ನು ಕೇಳಿದೆ.

"ಸಾಹೇಬ್ರಾ? ಎದೆ ಹಿಡ್ಕೊಂಡು ಓಡಿ ಬಂದು ಟ್ಯಾಕ್ಸಿ ಹತ್ತಿದ್ರು. ಹೊಳೆಯಾಚೆ ದೊಡ್ಡಾಸ್ಪತ್ರೆ ಅಂದ್ರು."

ಎದೆ ಹಿಡಿದುಕೊಂಡು ಆಸ್ಪತ್ರೆಗೆ! ಮೂರು ದಿನವೂ ಬೇಕಾಗಲಿಲ್ಲ. ಕಟ್ಟಡದ ಮುಂದಿನ ಸ್ಥಳದೇವರ ಪುಟ್ಟ ಗುಡಿಯೆದುರು ಅಲ್ಲೇ ಮಂಡಿಯೂರಿದೆ. "ಸ್ಥಳದಪ್ಪಾ, ಚುಚ್ಚಿದ್ದು ನಾನು, ತಪ್ಪಾಯ್ತು. ಅವರನ್ನ ಉಳಿಸು. ನಿನಗಿಷ್ಟದ ಕೆಂಪು ಸೋಡಾ ಒಂಬತ್ತು ಬಾಟ್ಲಿ ಇಡ್ತೀನಿ" ಎಂದು ಹರಸಿಕೊಂಡೆ. ಬೀದಿ ಕೊನೆಯಲ್ಲಿ ಕಿತ್ತಳೆ ಅಂಗಿಯ ಬಾಡಿಗೆ ಬೈಕಿನವನು ನನ್ನ ಕೈ ನೋಡಿದ.

"ಎಲ್ಲಿಗಕ್ಕಾ?"

"ದೊಡ್ಡಾಸ್ಪತ್ರೆ. ಬೇಗ."

"ಅಯ್ಯಯ್ಯೋ, ಎಷ್ಟು ರಕ್ತ! ಯಾರಕ್ಕಾ ಹಿಂಗೆ ಚುಚ್ಚಿದ್ದು?"

"ನಾನೇ."

ಅವನು ಬೈಕು ಎಗರಿಸಿದ. ಸೇತುವೆಯನ್ನು ಅಷ್ಟು ಬೇಗ ನಾನು ಯಾವತ್ತೂ ದಾಟಿಲ್ಲ.

ಆಸ್ಪತ್ರೆಯಲ್ಲಿ ವಿಚಾರಿಸುವ ಕಿಟಕಿಗೆ ಬಾಗಿ, "ಎದೆಗೆ ಕತ್ತರಿ ಚುಚ್ಚಿಕೊಂಡವರು ಯಾರಾದ್ರೂ ಬಂದ್ರಾಮ್ಮಾ?" ಎಂದು ಕೇಳಿದೆ.

ಹುಡುಗಿ ಬೆಚ್ಚಿದಳು. "ಬಂದಿದಾರೆ. ನೀವು ಅವರಿಗೆ ಏನಾಗ್ಬೇಕು?"

ಸುಳ್ಳು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಚುಚ್ಚಿದವಳು" ಎಂದೆ.

ಮರುಕ್ಷಣ ಇಬ್ಬರು ಕಾವಲಿನವರು ನನ್ನ ಎರಡು ತೋಳು ಹಿಡಿದಿದ್ದರು. ನನಗೆ ಅದರ ಪರಿವೆಯೇ ಇಲ್ಲ. "ಬದುಕಿದ್ದಾರಾ? ಅಷ್ಟು ಹೇಳ್ರೋ!" ಎಂದು ಆಸ್ಪತ್ರೆಯೇ ಅದುರುವಂತೆ ಅತ್ತೆ. ಇಪ್ಪತ್ತು ವರ್ಷ ಆ ಮುಖವನ್ನು ಶಪಿಸಿದ್ದೆ. ಈಗ ಅದೇ ಮುಖ ಒಮ್ಮೆ ಕಂಡರೆ ಸಾಕಿತ್ತು.

"ಲಮ್ಯೈ, ಇದೇನು ಗಲಾಟೆ?"

ಆ ದನಿ! ತಿರುಗಿ ನೋಡಿದರೆ ಗಾಲಿಕುರ್ಚಿಯಲ್ಲಿ ಸಾಹೇಬರು. ಎದೆಯಲ್ಲಿ ಕತ್ತರಿ ಹಾಗೇ ಇದೆ. ಪಕ್ಕದಲ್ಲಿ ನರ್ಸು, ಹಿಂದೆ ಅವರ ಹೆಂಡತಿ ವನಿದಾ ಅಮ್ಮ.

"ಮುಂದಿನ ಬಾಗಿಲಲ್ಲೇ ಹಿಡಿದು ಇದರಲ್ಲಿ ಕೂರಿಸಿದ್ರು" ಎಂದರು ಸಾಹೇಬರು ಕಿರಿಕಿರಿಯಿಂದ. "ಅಂಟು ಅಂತ ಹೇಳಿದ್ರೆ ನಂಬಲ್ಲ. ಕೀಳಬೇಡಿ, ಕೀಳಬೇಡಿ, ರಕ್ತ ಚಿಮ್ಮುತ್ತೆ ಅಂತ ನಾಲ್ಕು ಡಾಕ್ಟ್ರು ನೋಡಿದ್ರು."

"ಮತ್ತೆ ಯಾಕೆ ಓಡಿ ಬಂದ್ರಿ ಸರ್? ಎದೆ ಹಿಡ್ಕೊಂಡು?"

"ಕತ್ತರಿ ಬಿದ್ದುಹೋದ್ರೆ ಟ್ಯಾಕ್ಸಿ ಸೀಟು ಹಾಳಾಗಲ್ವಾ?"

ಉಳಿದದ್ದನ್ನು ವನಿದಾ ಅಮ್ಮ ಹೇಳಿದರು. ತಮ್ಮ ಎದೆಯಲ್ಲಿ ಗಂಟು ಕಂಡು ಐದು ತಿಂಗಳಾಗಿತ್ತಂತೆ. ಇವತ್ತು ರಿಪೋರ್ಟು ಬಂದಿದೆ, ಬೇಗ ಬನ್ನಿ ಎಂದು ಡಾಕ್ಟರು ಕರೆದಾಗ ಇವರು ಗಂಡನಿಗೆ ಫೋನು ಮಾಡಿದ್ದರು. "ಏನೂ ಇಲ್ವಂತಮ್ಮಾ. ಬರೀ ಕೊಬ್ಬಿನ ಗಂಟಂತೆ" ಎಂದು ನನ್ನ ಕೆಂಪು ಕೈಯನ್ನು ಹಿಡಿದುಕೊಂಡರು. ಐದು ತಿಂಗಳಿಂದ ಶುಕ್ರವಾರ ಮಧ್ಯಾಹ್ನವೆಲ್ಲ ಸಾಹೇಬರು ಎಲ್ಲೋ ಗಾಲ್ಫ್ ಆಡಲು ಹೋಗುತ್ತಾರೆಂದು ಆಫೀಸಿನ ತುಂಬ ಹಬ್ಬಿಸಿದವಳು ನಾನೇ. ಕಾವಲಿನವರು ತೋಳು ಬಿಟ್ಟರು. ನಾನು ನೆಲದ ಮೇಲೇ ಕೂತೆ.

ಕೂತಲ್ಲಿಂದಲೇ ಕ್ಯಾಮೆರಾ ಎತ್ತಿ, "ಸರ್, ಒಂದ್ಸಲ ನಕ್ಕುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ.

ವಿಷಯ ಕೇಳಿ ಸಾಹೇಬರು ಬಾಯಿ ಅಗಲಿಸಿದರು. ಹಲ್ಲುನೋವಿನವರು ಡಾಕ್ಟರಿಗೆ ತೋರಿಸಿದಂತಿತ್ತು. "ಇದು ಸಾಕಾ?"

"ಇದನ್ನ ಯಮನೂ ಒಪ್ಪಲ್ಲ ಸರ್."

"ಒಂದು ಸಲ ಅಂತ ಬರೆದಿದ್ರು. ನೀನು ಏಳು ಸಲ ಚುಚ್ಚಿದೆ. ಎಣಿಸಿದೀನಿ" ಎಂದರು ಇದ್ದಕ್ಕಿದ್ದಂತೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಹೌದು ಸರ್. ಆ ಗಳಿಗೇಲಿ ನಿಜವಾಗ್ಲೂ ನಿಮ್ಮನ್ನ ಕೊಲ್ಲಬೇಕು ಅನ್ನಿಸ್ತು. ಕ್ಷಮಿಸಿ."

ವನಿದಾ ಅಮ್ಮ ಹಿಂದಿನಿಂದ, "ಇಪ್ಪತ್ತು ವರ್ಷಕ್ಕೆ ಬರೀ ಏಳಾ? ನೀನು ತುಂಬಾ ಒಳ್ಳೆಯವಳು ಕಣೇ. ಮೂವತ್ತು ವರ್ಷಕ್ಕೆ ನಾನಾಗಿದ್ರೆ ಕತ್ತರಿ ಸವೆದೇ ಹೋಗ್ತಿತ್ತು" ಎಂದರು.

ಮೊದಲು ಸಾಹೇಬರ ಭುಜ ಅಲುಗಿತು. ಆಮೇಲೆ ಕತ್ತರಿ ಅಲುಗಿತು. ಆಮೇಲೆ ಐದು ತಿಂಗಳಿಂದ ಎದೆಯಲ್ಲಿ ಕಟ್ಟಿಟ್ಟದ್ದೆಲ್ಲ ಒಡೆದು ಬಂದಂತೆ ಆ ಮನುಷ್ಯ ನಕ್ಕರು. ಕಣ್ಣಲ್ಲಿ ನೀರು ಸುರಿಯುವಷ್ಟು, ಕತ್ತರಿ ಕಳಚಿ ನೆಲಕ್ಕೆ ಬೀಳುವಷ್ಟು. ನರ್ಸು ಕಿರುಚಿದಳು. ನಾನು ಎರಡೂ ಕೈಯಲ್ಲಿ ಕೆಂಪು ಗುಂಡಿ ಒತ್ತಿ ಹಿಡಿದಿದ್ದೆ.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಒಂಬತ್ತು ಬಾಟಲಿ ಕೆಂಪು ಸೋಡಾ ಸಾಲಾಗಿಟ್ಟು ಕೆಲಸಕ್ಕೆ ಹೋದೆ. ಹತ್ತೂಕಾಲಿಗೆ ಒಳಗಿನಿಂದ ಕರೆ ಬಂತು. ಸಾಹೇಬರ ಮುಖ ಎಂದಿನಂತೆ ಗಂಟಿಕ್ಕಿತ್ತು. ಕೈಯಲ್ಲಿ ನನ್ನ ಪತ್ರ. ಎಡ ಅಂಚಿನ ಉದ್ದಕ್ಕೂ ಕೆಂಪು ಗೆರೆ. ಬೈಗುಳ ಇಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಒಂದು ಬೆರಳು ಕಮ್ಮಿ" ಎಂದರು.

ಪತ್ರ ನನ್ನ ಕೈಗೆ ಕೊಡುವ ಮೊದಲು, ಮೇಜಿನ ಮೇಲಿದ್ದ ಕತ್ತರಿಯನ್ನು ಮೆಲ್ಲಗೆ ಎತ್ತಿ ತಮ್ಮ ಡ್ರಾಯರಿನಲ್ಲಿ ಹಾಕಿಕೊಂಡರು.