‘ಬೇಡ’ದ ಕೊಂಬೆಗಳು

ಪಾರ್ಶ್ವವಾಯು ಬಡಿದ ಮೇಲೆ ಶಶಿರೇಖಳ ಬಾಯಲ್ಲಿ ಸಲೀಸಾಗಿ ಬರುತ್ತಿದ್ದದ್ದು ಒಂದೇ ಮಾತು: ಬೇಡ. ಆಂಡರ್ಸನ್‌ಪೇಟೆಯ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು ಈಗ ಕಾಫಿ ಕೊಟ್ಟರೂ ಬೇಡ, ಫ್ಯಾನ್ ಹಾಕಿದರೂ ಬೇಡ ಅನ್ನುತ್ತಿದ್ದಳು. ಗಂಡ ಸುಧಾಕರ್ ಕಾರ್ಖಾನೆಯಲ್ಲಿ ವೆಲ್ಡರ್. ಹೆಂಡತಿಯ ಮಾತು ಮೀರಿದವನಲ್ಲ. “ಆಯ್ತು ಬಿಡು,” ಎಂದು ತಟ್ಟೆ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಅವಳು ಗೋಡೆಗೆ ಮುಖ ತಿರುಗಿಸಿ ಅಳುತ್ತಿದ್ದಳು.

“ನಾನೇ ಬ್ಯಾಡ ಅಂತಾವ್ಳೇನೋ,” ಎಂದ ಒಂದು ಸಂಜೆ, ಮಗಳ ಹತ್ತಿರ.

ಮಗಳು ಅನು ದಿನಾ ಕೋರಮಂಡಲ್ ಸ್ಟೇಷನ್ನಿನಿಂದ ರೈಲು ಹಿಡಿದು ಹೋಗಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅಮ್ಮನಿಗೆ ಮಾತಿನ ತರಬೇತಿ ಕೊಡುತ್ತಿದ್ದ ಕೋಲಾರದ ಮೇಡಂ, ಮನೆಯಲ್ಲಿ ಆಡುವ ಮಾತನ್ನು ರೆಕಾರ್ಡ್ ಮಾಡಿ ತರಲು ಹೇಳಿದ್ದರು. ಅನು ಮನೆಯ ಹಳೆಯ ಫೋನನ್ನು ಮಂಚದ ಪಕ್ಕದಲ್ಲೇ ಇಟ್ಟಳು. ಅದರಲ್ಲಿ ರೆಕಾರ್ಡ್ ಆದದ್ದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ರೈಲಿನಲ್ಲಿ ಕೂತು ಸಾಲುಸಾಲಾಗಿ ಟೈಪ್ ಮಾಡಿದಳು. ಅಮ್ಮ ತಡೆದು ನಿಂತ ಕಡೆಯೆಲ್ಲ ಚುಕ್ಕಿ ಇಟ್ಟಳು.

ಕ್ಲಾಸಿನಲ್ಲಿ ಆಗ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರಹವನ್ನು ಚಿತ್ರವಾಗಿಸುವ ಪಾಠ ನಡೆಯುತ್ತಿತ್ತು. ಮೊದಲು, ಹೆಚ್ಚು ಸಲ ಬಂದ ಪದ ದೊಡ್ಡದಾಗಿ ಕಾಣುವ ‘ಪದಗಳ ಮೋಡ’ ಬರೆಸಿ ನೋಡಿದಳು. ಪರದೆಯ ತುಂಬಾ ದೊಡ್ಡದೊಂದು ‘ಬೇಡ’ ಬಂದು ನಿಂತಿತು. ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು.

ಅತಿಯಾಗಿ ಬರುವ ಪದಗಳನ್ನು ತೆಗೆದುಹಾಕಿ ನೋಡುವುದು ವಾಡಿಕೆ. ಮರುದಿನ ‘ಬೇಡ’ವನ್ನು ತೆಗೆದಳು. ಅದರ ಅಡಿಯಲ್ಲಿದ್ದ ಬೇರೆ ಪದಗಳು ಕಂಡವು: ಉಪ್ಪು, ಕಿಟಕಿ, ಅಕ್ಕ, ಕೂತ್ಕಳಿ. ತಾನೇ ಟೈಪ್ ಮಾಡಿದ್ದರೂ ಗಮನಿಸಿರಲಿಲ್ಲ; ಇವನ್ನೆಲ್ಲ ಅಮ್ಮ ಯಾವಾಗ ಅಂದಳು? ಮೋಡದಲ್ಲಿ ಯಾವುದಾದ ಮೇಲೆ ಯಾವುದು ಬಂತೆಂದು ತಿಳಿಯುವುದಿಲ್ಲ. ಅದಕ್ಕೆ ಪದವೃಕ್ಷ ಬೇಕು. ಒಂದು ಪದವನ್ನು ಬುಡಕ್ಕೆ ಇಟ್ಟರೆ, ಅದರ ಮುಂದೆ ಬಂದ ಮಾತುಗಳೆಲ್ಲ ಕೊಂಬೆಗಳಾಗಿ ಬಲಕ್ಕೆ ಹರಡಿಕೊಳ್ಳುತ್ತವೆ. ಮತ್ತೆಮತ್ತೆ ಬಂದದ್ದು ದಪ್ಪ ಅಕ್ಷರದಲ್ಲಿರುತ್ತದೆ.

ಮೊದಲ ಸಲ ಕನ್ನಡದ ಗುಣಿತದ ಗುರುತುಗಳೆಲ್ಲ ಅಕ್ಷರಗಳಿಂದ ಕಳಚಿಕೊಂಡು ಬಂದವು. ಖಾಲಿ ಜಾಗ ಇರುವಲ್ಲಿ ಮಾತ್ರ ಸಾಲು ತುಂಡಾಗುವಂತೆ ಕೋಡ್ ತಿದ್ದಿದಳು. ಆಮೇಲೆ, ಅಮ್ಮನ ಹತ್ತಿರ ಯಾರು ಕೂತಿದ್ದರೆಂಬುದನ್ನೂ ಸೇರಿಸಿ, ಒಬ್ಬೊಬ್ಬರಿಗೆ ಒಂದರಂತೆ ಎರಡು ಮರ ಬರೆಸಿದಳು.

ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಮಧ್ಯಾಹ್ನ ಬಂದು ಅವರೆಕಾಯಿ ಸುಲಿಯುತ್ತಾ ಕೂರುವ ಮುದುಕಿ. ಆಕೆಗೆ ಯಾವ ಅವಸರವೂ ಇಲ್ಲ. ಆಕೆಯ ಮರದಲ್ಲಿ ‘ಬೇಡ’ದ ಮುಂದೆ ಚುಕ್ಕಿಗಳು, ಚುಕ್ಕಿಗಳ ಆಚೆ ಕೊಂಬೆಗಳು: ಕಿಟಕಿ ತೆಗಿ, ಇನ್ನೊಂದ್ ಸ್ವಲ್ಪ, ನಮ್ಮಕ್ಕ ಬಂದ್ಲಾ. ಅಪ್ಪನ ಮರದಲ್ಲಿ ‘ಬೇಡ’ದ ಮುಂದೆ ಹೆಚ್ಚುಕಡಿಮೆ ಒಂದೇ ಕೊಂಬೆ, ದಪ್ಪಗೆ: ಆಯ್ತು ಬಿಡು. ಅದು ಅಮ್ಮನ ಮಾತಲ್ಲ.

ಆ ಸಂಜೆ ಎರಡನ್ನೂ ಅಪ್ಪನಿಗೆ ತೋರಿಸಿದಳು. “ಅಮ್ಮಂಗೆ ಮಾತು ಶುರು ಮಾಡಕ್ಕೆ ಆ ಪದ ಬೇಕಪ್ಪ. ಹೇಳ್ಬೇಕಾಗಿರೋದು ಆಮೇಲೆ ಬತ್ತದೆ.”

ಸುಧಾಕರ್ ಪರದೆಯ ಮೇಲಿನ ‘ಆಯ್ತು ಬಿಡು’ ಮೇಲೆ ಬೆರಳಿಟ್ಟ. “ಅಂಗಾದ್ರೆ ಅವ್ಳು ಬಾಯಿ ತೆಗೆಯೋ ಅಷ್ಟರಲ್ಲೇ ನಾನು ಎದ್ದೋಗ್ತಿದ್ದೆ.”

“ಅಮ್ಮ ಬೇಡ ಅಂದಿದ್ದನ್ನ ನೀನು ಬೇಡ ಅಂತ್ಲೇ ನಂಬಿದ್ದೆ, ಅಷ್ಟೆ. ಯಾರಾದ್ರೂ ಅಂಗೇ ಮಾಡ್ತಿದ್ರು.”

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಂದ. “ಬೇಡ,” ಎಂದಳು ಶಶಿರೇಖ. ಅವನು ಸ್ಟೂಲಿನ ಮೇಲೆ ಕೂತ. ಬೀದಿಯಲ್ಲಿ ಸ್ಕೂಲಿನ ಆಟೋ ಹಾರ್ನ್ ಹೊಡೆದು ಹೋಯಿತು. ಇವನಿನ್ನೂ ಇಲ್ಲೇ ಇದ್ದಾನಲ್ಲ ಎಂಬಂತೆ ಅವಳು ಅವನನ್ನು ನೋಡಿದಳು. ತುಟಿ ಎರಡು ಸಲ ಅಲುಗಿತು.

“ಉಪ್ಪು.”

ಅವನು ಉಪ್ಪು ತಂದು ಚಿಟಿಕೆ ಉದುರಿಸಿದ. ಅವಳು ಪೂರ್ತಿ ತಿಂದಳು.

ಪ್ರತಿಸಲವೂ ಹೀಗಾಗಲಿಲ್ಲ. ಒಂದು ದಿನ ಹೀರೇಕಾಯಿ ಪಲ್ಯ ಹಿಡಿದು ಕಾದೇ ಕಾದ. ಪಲ್ಯ ಆರಿಹೋಯಿತು. “ಆಮೇಲೆ?” ಎಂದ. “ಬೇಡ... ಬೇಡ,” ಎಂದು ಅವಳು ತಟ್ಟೆ ತಳ್ಳಿದಳು. ಅದು ನಿಜವಾದ ಬೇಡವಾಗಿತ್ತು. ಇಬ್ಬರೂ ನಕ್ಕ ಸದ್ದಿಗೆ ಅನು ರೂಮಿನಿಂದ ಎದ್ದು ಬಂದಳು. ಅಮ್ಮನ ನಗು ಕೇಳಿ ತಿಂಗಳುಗಳಾಗಿದ್ದವು.

ಆಮೇಲಿನ ದಿನಗಳಲ್ಲಿ ಅಪ್ಪನ ಮರದಲ್ಲೂ ಕೊಂಬೆಗಳೊಡೆದವು. ಅವುಗಳಲ್ಲೊಂದು ಉದ್ದವಾಗುತ್ತಲೇ ಹೋಯಿತು: ಬೇಡ... ಅಕ್ಕ... ಅಕ್ಕನ ಮನೆ... ಓಗಣ. ಶಶಿರೇಖಳ ಅಕ್ಕ ರಾಧ ಇರುವುದು ಕಾಮಸಮುದ್ರದಲ್ಲಿ. ಮುಂದಿನ ಭಾನುವಾರ ಮೂವರೂ ಬಸ್ಸು ಹತ್ತಿದರು.

ಕಂಡಕ್ಟರ್ ಬಂದು, “ಎಲ್ಲಿಗೆ?” ಎಂದ. ಸುಧಾಕರ್ ಬಾಯಿ ತೆರೆದವನು ಮುಚ್ಚಿಕೊಂಡು ಹೆಂಡತಿಯ ಕಡೆ ನೋಡಿದ.

“ಬೇಡ,” ಎಂದಳು ಶಶಿರೇಖ.

“ಬ್ಯಾಡ್ವಾ? ಇಳೀತೀರೇನಮ್ಮ?”

“ಒಂದ್ ನಿಮಿಷ ತಾಳಿ ಸಾರ್,” ಎಂದ ಸುಧಾಕರ್.

ಕಂಡಕ್ಟರ್ ಸೀಟಿನ ಕಂಬಿಗೆ ಒರಗಿ ನಿಂತ. ಬಸ್ಸು ತಿರುವು ದಾಟಿತು. ಶಶಿರೇಖ ಎಡಗೈಯಿಂದ ಮುಂದಿನ ಸೀಟು ಹಿಡಿದು ಉಸಿರು ಎಳೆದುಕೊಂಡಳು.

“ಕಾಮಸಮುದ್ರ,” ಎಂದಳು. ಸ್ವಲ್ಪ ತಡೆದು, “ಮೂರು ಜನ,” ಎಂದೂ ಸೇರಿಸಿದಳು.