ಗೋಡೆಗೆ ಮುಖಮಾಡಿ

ರಾಸ್‌ದೂ ಎಂಬ ಕಡಲಂಚಿನ ಊರಿನಲ್ಲಿ ಒಂದು ಮರ್ಯಾದೆ ಇತ್ತು. ಹತ್ತು ಜನ ಕೂತು ಐರಿಷಿನಲ್ಲಿ ಮಾತಾಡುತ್ತಿರುವಾಗ, ಆ ಭಾಷೆ ಸರಾಗವಾಗಿ ಬಾರದವರೊಬ್ಬರು ಬಾಗಿಲಲ್ಲಿ ಕಾಣಿಸಿಕೊಂಡರೆ ಹತ್ತೂ ಜನ ಇಂಗ್ಲಿಷಿಗೆ ಹೊರಳುತ್ತಿದ್ದರು. ಯಾರೂ ಯಾರಿಗೂ ಕಣ್ಸನ್ನೆ ಮಾಡಬೇಕಾಗಿರಲಿಲ್ಲ. ಬಂದವರಿಗೆ ಕುರ್ಚಿ ಬಿಟ್ಟುಕೊಟ್ಟ ಹಾಗೆ ಮಾತನ್ನೂ ಬಿಟ್ಟುಕೊಡುತ್ತಿದ್ದರು.

ನ್ಯಾಸಾ ಆ ಊರಿಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಡಬ್ಲಿನ್ನಿನವಳು, ಮನೆಮನೆಗೆ ಹೋಗಿ ಮುದುಕರ ಗಾಯ ತೊಳೆದು, ಬಿ.ಪಿ. ನೋಡಿ ಬರುವ ಸರ್ಕಾರಿ ನರ್ಸು. ಐರಿಷ್ ಅವಳಿಗೆ ಬಾರದ್ದೇನಲ್ಲ. ಎಲ್ಲರ ಹಾಗೆ ಶಾಲೆಯಲ್ಲಿ ಕಲಿತಿದ್ದಳು. ಜನಗಣತಿಯಲ್ಲಿ ‘ಐರಿಷ್ ಬರುತ್ತದೆಯೇ’ ಎಂದು ಕೇಳಿದಾಗ ಲಕ್ಷಾಂತರ ಜನರೊಡನೆ ತಾನೂ ಬರುತ್ತದೆ ಎಂದಿದ್ದಳು. ‘ದಿನಾ ಆಡುತ್ತೀರಾ’ ಎಂಬ ಪ್ರಶ್ನೆ ಬಂದಾಗ ಆ ಲಕ್ಷಗಳು ಕರಗಿ ಸಾವಿರಗಳಾಗುತ್ತಿದ್ದವು. ಹಾಗೆ ಉಳಿದವರಲ್ಲಿ ರಾಸ್‌ದೂನಂಥ ಪಶ್ಚಿಮದ ಊರಿನವರೂ ಸೇರಿದ್ದರು.

ಅಂಥ ಊರಿಗೇ ಬಂದು ಸೇರಿದರೂ ಅವಳಿಗೆ ಆ ಭಾಷೆ ಕೇಳಿಸುತ್ತಿದ್ದುದು ಬಾಗಿಲಾಚೆಯಿಂದ ಮಾತ್ರ. ಯಾವ ಅಂಗಳಕ್ಕೆ ಕಾಲಿಟ್ಟರೂ ಒಳಗೆ ಸಾಗುತ್ತಿದ್ದ ಮಾತನ್ನು, ಹನಿ ಬಿದ್ದಾಗ ಒಣಹಾಕಿದ ಬಟ್ಟೆ ಎತ್ತಿಟ್ಟ ಹಾಗೆ, ಸರಕ್ಕನೆ ಎತ್ತಿಟ್ಟುಬಿಡುತ್ತಿದ್ದರು. ಐರಿಷಿನಲ್ಲಾದರೆ ಬಂದವರಿಗೆ ‘ದೇವರು ನಿನ್ನೊಡನಿರಲಿ’ ಎನ್ನುವುದು, ಅದಕ್ಕೆ ‘ದೇವರೂ ಮರಿಯಮ್ಮನೂ ನಿನ್ನೊಡನಿರಲಿ’ ಎಂಬ ಉತ್ತರ. ಅವಳಿಗೆ ಸಿಗುತ್ತಿದ್ದುದು ಬರೀ ಹಲೋ.

ಊರಿನದನ್ನು ಅವಳು ಸಹಿಸಿಕೊಂಡಿದ್ದಳು. ಮನೆಯದನ್ನು ಸಹಿಸುವುದು ಕಷ್ಟವಾಯಿತು. ಗಂಡ ಫೆಸ್ಟಿ ವಾರಗಟ್ಟಲೆ ಮೀನಿನ ದೋಣಿಯಲ್ಲಿರುತ್ತಿದ್ದ. ಮನೆಯಲ್ಲಿ ಅವಳು, ಐದು ವರ್ಷದ ಮಗಳು ಸೈವ್, ಅತ್ತೆ ಬಾರಬ್ರಾ. ಅಲ್ಲಿನ ಮಕ್ಕಳು ಅಜ್ಜಿಯನ್ನು ಮಾಮೋ ಎನ್ನುತ್ತಾರೆ. ಸೈವ್ ಹಾಗೆ ಕರೆದು ಕರೆದು ನ್ಯಾಸಾಳಿಗೂ ಅತ್ತೆ ಮಾಮೋ ಆಗಿದ್ದಳು. ಪಾಠ ಐರಿಷಿನಲ್ಲಿ ನಡೆಯುವ ಶಾಲೆಯಲ್ಲೂ ಮಕ್ಕಳು ಅಂಗಳದಲ್ಲಿ ಆಡುವುದು ಇಂಗ್ಲಿಷಿನಲ್ಲೇ. ಹಾಗಾಗಿ ಸೈವ್‌ಗೆ ಆ ಭಾಷೆ ದಕ್ಕುವುದಿದ್ದರೆ ಮಾಮೋಳ ಬಾಯಿಂದಲೇ ದಕ್ಕಬೇಕಾಗಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ನ್ಯಾಸಾ ಬೇಗ ಮನೆಗೆ ಬಂದಳು. ಒಳಗಿನಿಂದ ಮಗಳ ದನಿ ಕೇಳಿಸಿತು. ಐರಿಷಿನಲ್ಲಿ ಯಾವುದೋ ಕೋಳಿಯ ಮೇಲೆ ದೂರು ಹೇಳುತ್ತಿತ್ತು ಮಗು. ಅಜ್ಜಿಯದೇ ರಾಗ, ಅಜ್ಜಿಯದೇ ಬೈಗುಳ. ನ್ಯಾಸಾಳ ಎದೆ ತುಂಬಿ ಬಂತು. ಚಿಲಕ ಎತ್ತಿದಳು.

“ಅಮ್ಮ ಬಂದ್ಲು,” ಎಂದಿತು ಮಗು, ಇಂಗ್ಲಿಷಿನಲ್ಲಿ. ಕೋಳಿಯ ಕಥೆ ಅಲ್ಲಿಗೇ ನಿಂತಿತು.

ತಾನು ಮನೆಯಲ್ಲಿರುವಷ್ಟು ಹೊತ್ತೂ ಮಗುವಿನ ಬಾಯಿಂದ ಆ ಮಾತನ್ನು ಕಸಿಯುತ್ತಿರುವವಳು ತಾನೇ ಎಂದು ಆಗ ಅವಳಿಗೆ ತಿಳಿಯಿತು. ಮರುದಿನದಿಂದ ಕೆಲಸ ಮುಗಿಸಿ ಬಂದರೂ ಒಳಗೆ ಹೋಗದೆ, ಗಾಳಿಯಲ್ಲಿ ಗೋಡೆಗೊರಗಿ ನಿಂತಿರತೊಡಗಿದಳು. ಪಕ್ಕದ ಮನೆಯ ಮುದುಕ ಕೋಲೀನ್ ಅದನ್ನು ಕಂಡ.

“ಏನಮ್ಮ ನರ್ಸಮ್ಮ, ಸ್ವಂತ ಮನೆಗೇ ಕನ್ನ ಹಾಕೋಕೆ ಹೊಂಚು ಹಾಕ್ತಿದ್ದೀಯಾ?”

ನ್ಯಾಸಾ ಐರಿಷಿನಲ್ಲಿ ಪದ ಹುಡುಕಿ ಹುಡುಕಿ ಹೇಳಿದಳು: “ಅವರಿಬ್ರೂ ಮಾತಾಡ್ಕೊಳ್ಳಲಿ ಅಂತ ನಿಂತಿದೀನಿ. ನಾನು ಹೋದ್ರೆ ನಿಲ್ಲಿಸಿಬಿಡ್ತಾರೆ.”

“ಆಹಾ! ಎಷ್ಟು ಚೆನ್ನಾಗಿ ಐರಿಷ್ ಮಾತಾಡ್ತೀಯೇ ತಾಯಿ!” ಎಂದು ಕೋಲೀನ್ ಇಂಗ್ಲಿಷಿನಲ್ಲಿ ಹೊಗಳಿದ.

“ಅದನ್ನ ಐರಿಷಲ್ಲೇ ಹೇಳಬಹುದಲ್ಲ?”

“ಹೇಳಬಹುದು. ನೀನು ಪಾಪ ಮುಳ್ಳು ತುಳಿದೋರ ಹಾಗೆ ಒಂದೊಂದೇ ಪದ ಇಡ್ತೀಯಲ್ಲ, ನೋಡೋಕಾಗಲ್ಲ ನನಗೆ.”

ಆ ಸಂಜೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅತ್ತೆಯ ಮುಂದೆ ಅವಳು ಕೂತಳು.

“ಮಾಮೋ, ನಾನಿದ್ದಾಗಲೂ ಐರಿಷಲ್ಲೇ ಮಾತಾಡಿ.”

“ನಿನ್ನೆದುರಿಗೆ ನಿನಗೆ ತಿಳಿಯದ್ದು ಮಾತಾಡೋದಾ? ಆಗಲ್ಲ ಮಗಳೇ,” ಎಂದಳು ಬಾರಬ್ರಾ. “ಹದಿನೇಳು ವರ್ಷಕ್ಕೆ ಬಾಸ್ಟನ್ನಿಗೆ ಮನೆಗೆಲಸಕ್ಕೆ ಹೋಗಿದ್ದೆ. ಯಜಮಾನಿ, ಅವಳಕ್ಕ, ಇಬ್ರೂ ಹರಟ್ತಾ ಇರೋರು. ನಾನು ಟೀ ಹಿಡ್ಕೊಂಡು ಹೋದ್ರೆ ಸಾಕು, ಫ್ರೆಂಚಿಗೆ ಹಾರಿಬಿಡೋರು. ನನ್ನನ್ನ ಆಡ್ಕೊಳ್ತಿದ್ರೋ, ಅವರ ಗಂಡಂದಿರನ್ನೋ, ಆ ದೇವರೇ ಬಲ್ಲ. ಕಂಬದ ಹಾಗೆ ನಿಂತಿರ್ತಿದ್ದೆ. ನನ್ನ ಅಡುಗೆಮನೇಲಿ ಯಾರನ್ನೂ ಹಾಗೆ ನಿಲ್ಲಿಸಲ್ಲ ಅಂತ ಅವತ್ತೇ ಅಂದ್ಕೊಂಡೆ.”

ನ್ಯಾಸಾ ತಾನೂ ಒಂದು ಆಲೂಗಡ್ಡೆ ಕೈಗೆತ್ತಿಕೊಂಡಳು. “ಅವರು ನಿಮ್ಮನ್ನ ಕೆಲಸದವಳು ಅಂತ ಹಾಗೆ ಮಾಡಿದ್ರು. ನೀವು ನನ್ನನ್ನ ನೆಂಟರೋಳು ಅಂತ ಹೀಗೆ ಮಾಡ್ತಿದ್ದೀರಿ. ಮನೆಯವಳು ಅಂತ ಯಾವಾಗ ಅಂದ್ಕೊಳ್ತೀರಿ? ಸೈವ್‌ಗೆ ನಿಮ್ಮ ಮಾತು ತಪ್ಪಿಹೋದ್ರೆ ಆ ಪಾಪ ನನ್ನ ತಲೆ ಮೇಲೇನೇ.”

ಮುದುಕಿ ಚಾಕು ಕೆಳಗಿಟ್ಟಳು. ಸೊಸೆಯ ಮುಖ ನೋಡಿ ಐರಿಷಿನಲ್ಲಿ ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಇಂಗ್ಲಿಷ್.

“ನೋಡಿದ್ಯಾ? ನಿನ್ನ ಮುಖ ಕಂಡ್ರೆ ಸಾಕು, ನಾಲಿಗೆ ತಾನಾಗೇ ಹೊರಳತ್ತೆ. ಎಂಟು ವರ್ಷ ತುಳಿದ ದಾರಿ. ದನ ಕೂಡ ಬಿಟ್ಟು ಹೋಗಲ್ಲ.”

ಅವಳು ಹಠಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದಳು.

ಅಕ್ಟೋಬರ್ ಎಂದರೆ ಕ್ಯಾಥೊಲಿಕರಿಗೆ ಮಣಿ ಎಣಿಸುತ್ತ ಮರಿಯಮ್ಮನನ್ನು ಪ್ರಾರ್ಥಿಸುವ ಜಪಸರದ ತಿಂಗಳು. ಊಟವಾದ ಮೇಲೆ ಬಾರಬ್ರಾ ಮೊಮ್ಮಗಳನ್ನು ಕೂರಿಸಿಕೊಂಡು ಜಪ ಮಾಡುತ್ತಿದ್ದಳು. ಅದು ಮಾತ್ರ ಐರಿಷಿನಲ್ಲೇ ನಡೆಯುತ್ತಿತ್ತು. ದೇವರನ್ನು ಅವಳು ಯಾವತ್ತೂ ನೆಂಟನೆಂದುಕೊಂಡಿರಲಿಲ್ಲ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತಿದ್ದ ನ್ಯಾಸಾ ಅಂದು ಪಾತ್ರೆ ಬಿಟ್ಟು ತಾನೂ ಬಂದು ಮೊಣಕಾಲೂರಿದಳು. ಆ ಕಡೆಯ ಹಳೆಯ ಪದ್ಧತಿಯಂತೆ ಒಬ್ಬೊಬ್ಬರೂ ತಮ್ಮ ಕುರ್ಚಿಯ ಕಡೆ ತಿರುಗಿ, ಅದರ ಮೇಲೆ ಮೊಣಕೈಯೂರಿ, ಬೇರೆಯವರಿಗೆ ಬೆನ್ನು ಕೊಟ್ಟು, ಗೋಡೆಗೆ ಮುಖಮಾಡಿ ಪ್ರಾರ್ಥಿಸುತ್ತಾರೆ. ಮಾಮೋ ‘ನಮೋ ಮರಿಯಾ’ ಪ್ರಾರ್ಥನೆಯ ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಬೇಕು. ಶಾಲೆಯಲ್ಲಿ ಬಾಯಿಪಾಠವಾಗಿದ್ದದ್ದು ನ್ಯಾಸಾಳ ನೆನಪಿಗೆ ತಾನಾಗಿಯೇ ಬಂತು.

ಜಪಸರ ಮುಗಿದ ಮೇಲೆ ಸತ್ತವರಿಗೊಂದು, ಕಾಯಿಲೆಯವರಿಗೊಂದು, ಕಡಲಿನಲ್ಲಿರುವವರಿಗೊಂದು ಪ್ರಾರ್ಥನೆ ಸೇರಿಸುವುದು ವಾಡಿಕೆ. ಬಾರಬ್ರಾ ಮಗನ ಹೆಸರೆತ್ತಿ, ಅವನನ್ನು ಸುಖವಾಗಿ ದಡ ಸೇರಿಸು ಎಂದು ಬೇಡಿದಳು. ಆಮೇಲೆ ಅದೇ ದನಿಯಲ್ಲಿ, ಅದೇ ಭಾಷೆಯಲ್ಲಿ, ಗೋಡೆಗೆ ಹೇಳುವಂತೆ ಕೇಳಿದಳು:

“ಅವನು ಗುರುವಾರ ಬರ್ತಾನಂತಾ ನ್ಯಾಸಾ, ಶುಕ್ರವಾರನಾ?”

ಅದು ಪ್ರಾರ್ಥನೆಯಾಗಿರಲಿಲ್ಲ.

ನ್ಯಾಸಾ ಅಲುಗಲಿಲ್ಲ. ತನ್ನ ಗೋಡೆಗೆ ಉತ್ತರ ಕೊಟ್ಟಳು. “ಗಾಳಿ... ಗಾಳಿ ಇಳಿದ್ರೆ ಗುರುವಾರ, ಮಾಮೋ.”

“ಇಳಿಯತ್ತೆ. ನನ್ನ ಮಂಡಿ ಹೇಳ್ತಿದೆ.”

“ಅಪ್ಪ ಏಡಿ ತರ್ತಾನೆ!” ಎಂದಳು ಸೈವ್, ಐರಿಷಿನಲ್ಲಿ.

“ತಂದ್ರೆ ಬೇಯಿಸೋರ್ಯಾರು? ಹೋದ ಸಲ ನಿಮ್ಮಮ್ಮ ಏಡಿ ಕಂಡು ಕುರ್ಚಿ ಹತ್ತಿದ್ಲು.”

“ಹತ್ತಿದ್ದು ನೀವು!” ಎಂದಳು ನ್ಯಾಸಾ. ಪದ ಹುಡುಕಲು ಹೊತ್ತೇ ಹಿಡಿಯಲಿಲ್ಲ.

ಮುದುಕಿಯ ಬೆನ್ನು ನಗುವಿಗೆ ಕುಲುಕಿತು. ಹಾಗೇ ಇನ್ನೂ ಒಂದಿಷ್ಟು ಹೊತ್ತು ಮಾತು ನಡೆಯಿತು. ಯಾರೂ ತಿರುಗಲಿಲ್ಲ. ತಿರುಗಿದರೆ ಏನಾಗುತ್ತದೆಂದು ಮೂವರಿಗೂ ಗೊತ್ತಿತ್ತು. ಕೊನೆಗೆ ಬಾರಬ್ರಾ ಕುರ್ಚಿ ಹಿಡಿದು ಎದ್ದು, ಸೊಸೆಯ ಮುಖ ನೋಡಿ, “ಟೀ ಮಾಡ್ಲಾ?” ಎಂದಳು, ಇಂಗ್ಲಿಷಿನಲ್ಲಿ.

“ಮಾಡಿ ಮಾಮೋ,” ಎಂದಳು ನ್ಯಾಸಾ.

ಆ ಚಳಿಗಾಲದಲ್ಲಿ ಆ ಮನೆಯ ಜಪ ದಿನದಿಂದ ದಿನಕ್ಕೆ ಉದ್ದವಾಯಿತು. ಮನೆಯಲ್ಲಿ ಭಕ್ತಿ ಹೆಚ್ಚಿತು ಎಂದುಕೊಂಡಿತು ಊರು. ಸುಳ್ಳೇನಲ್ಲ. ಮಂಡಿನೋವು ಜೋರಾದ ದಿನ ಬಾರಬ್ರಾ ಸ್ಟೂಲಿನ ಮೇಲೆ ಕೂರುತ್ತಿದ್ದಳು, ಆದರೆ ಗೋಡೆಯ ಕಡೆಗೇ. ‘ಆಮೆನ್’ ಆದ ಮೇಲೆ ಕುರಿಯ ಬೆಲೆ, ಸತ್ತವರ ಸುದ್ದಿ, ಪಾದ್ರಿಯ ಹೊಸ ಕಾರು, ಎಲ್ಲವೂ ಬರುತ್ತಿತ್ತು. ಬೆನ್ನ ಹಿಂದಿನಿಂದ ಸೊಸೆ ತಪ್ಪುತಪ್ಪಾಗಿ ಉತ್ತರ ಕೊಡುತ್ತಿದ್ದಳು. ನಡುವೆ ಮೊಣಕಾಲೂರಿದ ಸೈವ್ ಇಬ್ಬರಿಗೂ ಅದೇ ಮಾತಿನಲ್ಲಿ ಜವಾಬು ಹೇಳುತ್ತಿದ್ದಳು.