ಶಾಖ ಹರಡುವ ಹಾಳೆಗೆ ಒಂದು ಆಕ್ಷೇಪಣೆ

೧

ಹಾಳೆಯಿಂದ ಶುರು ಮಾಡಲೇ, ಹೆಂಗಸಿನಿಂದಲೇ? ಹಾಳೆಯಿಂದ ಅಂದರೆ ನೀವು ಎದ್ದು ಹೋಗುತ್ತೀರಿ ಎಂಬ ಭಯ. ಹೆಂಗಸಿನಿಂದ ಅಂದರೆ ಅವಳೇ ಎದ್ದು ಹೋಗುತ್ತಾಳೆ. ತನ್ನ ಬಗ್ಗೆ ಯಾರಾದರೂ ಬರೆಯುವುದು ಗಂಗಾಲಕ್ಷ್ಮಿಗೆ ಆಗಿಬರುವುದಿಲ್ಲ. ಸರಿ, ಬಸ್ಸಿನಿಂದ.

“ಮಾಲೂರಿನಲ್ಲಿ ರೈಲಿಳಿದು ಮಾಸ್ತಿ ಬಸ್ಸು ಹತ್ತಿದ ಗಂಗಾಲಕ್ಷ್ಮಿ ಇಟ್ಟಿಗೆ ಗೂಡುಗಳ ಹೊಗೆಯನ್ನೇ ನೋಡುತ್ತ...”

(ಕೈಬಿಟ್ಟೆ. ಅವಳು ಕಿಟಕಿಯಾಚೆ ನೋಡುವವಳಲ್ಲ, ಬ್ಯಾಗಿನ ಜಿಪ್ಪು ಹಾಕಿದೆಯೇ ಎಂದು ನೋಡುವವಳು.)

೧, ಮತ್ತೊಮ್ಮೆ

ಗಂಗಾಲಕ್ಷ್ಮಿಗೆ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಕೆಲಸ. ಯಾರಾದರೂ “ಇದನ್ನು ನಾನೇ ಮೊದಲು ಕಂಡುಹಿಡಿದೆ” ಎಂದು ಅರ್ಜಿ ಹಾಕಿದರೆ, ನಿಜಕ್ಕೂ ಅವನೇ ಮೊದಲಿಗನೇ ಎಂದು ಹುಡುಕುವುದು ಅವಳ ಕೆಲಸ. ಅರ್ಜಿಗಿಂತ ಮುಂಚೆ ಅದು ಜಗತ್ತಿನ ಯಾವ ಮೂಲೆಯಲ್ಲಿ, ಯಾವ ಭಾಷೆಯಲ್ಲಿ ಪ್ರಕಟವಾಗಿದ್ದರೂ ಅದು ಹೊಸದಲ್ಲ, ಪೇಟೆಂಟ್ ಸಿಗದು. ಪ್ರಕಟಿಸಿದವನು ಅರ್ಜಿದಾರನೇ ಆಗಿದ್ದರೂ ಅಷ್ಟೆ.

ಈಗ ಅವಳ ಮುಂದಿರುವ ಅರ್ಜಿ ಮಾಲೂರಿನ ಮುರಳಿಮೋಹನ್‌ದು. ಒಂದು ಶೆಡ್ಡು, ಒಂದು ರೋಲರ್ ಮೆಷಿನ್ನು, ನಾಲ್ಕಾರು ಜನ ಕೆಲಸಗಾರರು. ಫೋನು, ಚಾರ್ಜರುಗಳ ಒಳಗೆ ಬಿಸಿ ಒಂದೇ ಕಡೆ ನಿಲ್ಲದಂತೆ ಗ್ರಾಫೈಟಿನ ಕಪ್ಪು ತೆಳು ಹಾಳೆ ಇಟ್ಟಿರುತ್ತಾರಲ್ಲ, ಅಲ್ಲಿ ಮಾಡುವುದು ಅದನ್ನೇ. ಆ ಹಾಳೆ ಶಾಖವನ್ನು ಅಗಲಕ್ಕೆ ಚೆನ್ನಾಗಿ ಹರಡುತ್ತದೆ. ಈ ಮುಖದಿಂದ ಆ ಮುಖಕ್ಕೆ ದಾಟಿಸುವುದಕ್ಕೆ ಮಾತ್ರ ಒದ್ದಾಡುತ್ತದೆ. ಮುರಳಿಮೋಹನ್ ಹಾಳೆಗೆ ಸೂಜಿತೂತು ಹಾಕಿ, ತೂತಿನ ಅಂಚು ಕೆಳಗಿನ ಹಾಳೆಯನ್ನು ಕಚ್ಚಿಕೊಳ್ಳುವ ಹಾಗೆ ರೋಲರಿನಡಿ ಒತ್ತಿದ. ಶಾಖ ದಾಟಿತು.

(ಇಲ್ಲಿ ನಾನು ಅವಳನ್ನು ಹಾಳೆಗೆ ಹೋಲಿಸಿ ಒಂದು ಸೊಗಸಾದ ಪ್ಯಾರಾ ಬರೆದಿದ್ದೆ. “ಮೇಡಂ, ಅದನ್ನ ತೆಗೀರಿ,” ಅಂದಳು. ತೆಗೆದೆ.)

ಇಂಗ್ಲಿಷು, ಜಪಾನಿ, ಚೀನಿ, ಎಲ್ಲದರಲ್ಲೂ ಅವಳು ಹುಡುಕಿದಳು. ಎಲ್ಲೂ ಇಲ್ಲ. ಪೇಟೆಂಟ್ ಸಿಕ್ಕರೆ ಶೆಡ್ಡು ಉಳಿಯುತ್ತದೆ. ಸಿಗದಿದ್ದರೆ ದೊಡ್ಡ ಕಾರ್ಖಾನೆಯವರು ಅದೇ ಹಾಳೆಯನ್ನು ರಾಶಿ ರಾಶಿ ಒತ್ತುತ್ತಾರೆ, ಕೇಳುವವರಿರುವುದಿಲ್ಲ.

೨

ಶನಿವಾರ ಮಾಸ್ತಿಯ ಮನೆ. ಅಮ್ಮ ಶ್ಯಾಮಲಮ್ಮ ಸೋರೆಕಾಯಿ ಹೆಚ್ಚುತ್ತ ಫೋನು ಮುಂದೆ ಚಾಚಿದಳು.

“ನೋಡೇ, ಹೋದ್ ವರ್ಷದ್ದಕ್ಕೂ ಹಿಂದಿಂದು. ನಮ್ ಮಹಿಳಾ ಸಂಘದ ವಾರ್ಷಿಕೋತ್ಸವ. ಸಂಘದ ಸೆಕ್ರೆಟರಿ ಪವಿತ್ರ ಯೂಟ್ಯೂಬ್‌ಗೆ ಹಾಕಿದ್ಲು. ನಾನೂ ಇದೀನಿ.”

“ಎಲ್ಲಿ?”

“ಮುಂದಿನ್ ಸಾಲಲ್ಲಿ, ಕಣ್ಣಿಲ್ವಾ ನಿಂಗೆ? ಚೆನ್ನೈಗೋಗಿ ಅಮ್ಮನ ಮುಖಾನೂ ಮರ್ತೆ.”

ವೇದಿಕೆಯ ಮೇಲೆ ಶಾಲು ಹೊದ್ದು, ಮೈಸೂರು ಪೇಟ ತೊಟ್ಟು ನಿಂತಿದ್ದವನು ಮುರಳಿಮೋಹನ್; ಹಿಂದಿನ ಬ್ಯಾನರಿನಲ್ಲಿ ಅವನ ಹೆಸರಿತ್ತು, ಸನ್ಮಾನ ಅವನಿಗೆ. ಕೈಯಲ್ಲಿ ಕಪ್ಪು ಹಾಳೆ. ಅದರ ಅಂಚಿನಿಂದ ಐಸ್‌ಗಡ್ಡೆಯನ್ನು ಬೆಣ್ಣೆಯಂತೆ ಕೊಯ್ದ. ಅವನ ಬೆರಳಿನ ಬಿಸಿಯೇ ಸಾಕಾಯಿತು. ಚಪ್ಪಾಳೆ. ಆಮೇಲೆ ಮುಂದಿನ ಸಾಲಿನಿಂದ ಒಂದು ದನಿ:

“ಎಂಗ್ ಮಾಡ್ದಪ್ಪ ಇದ್ನ? ನಮ್ಗೂ ಹೇಳು.”

“ಅಯ್ಯೋ, ಅದೆಲ್ಲ ಬೇಡ ಬಿಡಿ ದೊಡ್ಡಮ್ಮ.”

“ಯಾಕಪ್ಪ, ನಾವೇನ್ ಕದ್ಕೊಂಡ್ ಹೋಗ್ತೀವಾ?”

ಸಭೆ ನಕ್ಕಿತು. ಹಿರಿಯರು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಸೂಜಿಯ ಗಾತ್ರದಿಂದ ರೋಲರಿನ ಒತ್ತಡದವರೆಗೆ ಅವನು ಬಿಡಿಸಿ ಬಿಡಿಸಿ ಹೇಳಿದ. ಅಪ್‌ಲೋಡ್ ಆದ ತಾರೀಖು ಅರ್ಜಿಗಿಂತ ಹಿಂದಿನ ಬೇಸಿಗೆಯದು.

“ನಾನ್ ಕೇಳಿದ್ದಕ್ಕೇ ಹೇಳಿದ್ದು,” ಅಂದಳು ಅಮ್ಮ.

೪

(ಮೂರನೆಯ ಭಾಗದಲ್ಲಿ ಅವಳು ಅಳುವಂತೆ ಬರೆದಿದ್ದೆ. ಅವಳು ಅಳಲಿಲ್ಲ. ಹರಿದೆ.)

ಮುಕ್ತಾಯ, ಮೊದಲನೆಯದು: ಅವಳು ವಿಡಿಯೋವನ್ನು ವರದಿಯಲ್ಲಿ ಸೇರಿಸುತ್ತಾಳೆ. ಶೆಡ್ಡಿಗೆ ಬೀಗ. ನ್ಯಾಯ ಗೆಲ್ಲುತ್ತದೆ, ಓದುಗರು ಸೋಲುತ್ತಾರೆ.

ಎರಡನೆಯದು: ನೋಡಿಯೇ ಇಲ್ಲ ಎಂಬಂತೆ ಸುಮ್ಮನಿರುತ್ತಾಳೆ. ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುತ್ತಾಳೆ.

ಮೂರನೆಯದು ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. “ಅರ್ಜಿದಾರ ನಮ್ಮ ಕಡೆಯವನು ಅಂತ ಬರೆದು ಫೈಲ್ ವಾಪಸ್ ಕೊಟ್ಟುಬಿಡು, ಗಂಗಾ. ಪ್ರಾಮಾಣಿಕವೂ ಹೌದು, ಕೈಯೂ ಸ್ವಚ್ಛ.”

“ಆಮೇಲೆ ಫೈಲ್ ಯಾರಿಗೆ ಹೋಗುತ್ತೆ?”

“ಬೇರೆ ಯಾರಿಗೋ.”

“ನಮ್ಮ ಸೆಕ್ಷನ್ನಲ್ಲಿ ಕನ್ನಡ ಬರೋದು ನನಗೊಬ್ಬಳಿಗೆ. ಆ ವಿಡಿಯೋದಲ್ಲಿ ಒಂದು ಅಕ್ಷರ ಇಂಗ್ಲಿಷ್ ಇಲ್ಲ. ಅವರಿಗೆ ಅದು ಸಿಗೋದೇ ಇಲ್ಲ, ಪೇಟೆಂಟ್ ಆಗುತ್ತೆ. ವಾಪಸ್ ಕೊಡೋದೂ ಸುಮ್ಮನಿರೋದೂ ಒಂದೇ ಅಲ್ವಾ ಮೇಡಂ? ನನ್ನ ಸಹಿ ಮಾತ್ರ ಚೊಕ್ಕವಾಗಿರುತ್ತೆ, ಅಷ್ಟೆ.”

ಮೂರನೆಯದನ್ನೂ ಹೊಡೆದುಹಾಕಿದೆ. ಪಾತ್ರಗಳಿಗೆ ಇಷ್ಟು ಓದಿಸಬಾರದು.

೫

ಭಾನುವಾರ ಬೆಳಿಗ್ಗೆ ಗಂಗಾಲಕ್ಷ್ಮಿ ಲ್ಯಾಪ್‌ಟಾಪ್ ತೆರೆದು ಇಯರ್‌ಫೋನ್ ಸಿಕ್ಕಿಸಿಕೊಂಡಳು. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ಇಂಗ್ಲಿಷಿಗೆ ಇಳಿಸತೊಡಗಿದಳು. ಮುರಳಿಮೋಹನ್ ಹೇಳಿದ್ದೆಲ್ಲ ಸಲೀಸಾಗಿ ಬಂತು. ಪ್ರಶ್ನೆ ಕೇಳಿದವರು ಯಾರು ಎಂಬಲ್ಲಿ ಕೈ ನಿಂತಿತು. “ಸಭಿಕರೊಬ್ಬರು” ಎಂದು ಬರೆದಳು. ಅಳಿಸಿದಳು. ಮತ್ತೆ ಬರೆದಳು.

(ಇದನ್ನು ಅವಳು ಕಳಿಸಿದಳೇ? ನಾನು ಹೇಳಿದರೆ ನೀವು ಅವಳನ್ನು ಒಳ್ಳೆಯವಳೆಂದೋ ಕೆಟ್ಟವಳೆಂದೋ ಎತ್ತಿಟ್ಟು ಮಲಗುತ್ತೀರಿ. ಅವಳಿಗಿಲ್ಲದ ನಿದ್ದೆ ನಿಮಗೇಕೆ?)

ಅಡುಗೆಮನೆಯಿಂದ ಅಮ್ಮ ಇಣುಕಿದಳು.

“ಮತ್ತೆ ಅದನ್ನೇ ನೋಡ್ತಿದ್ದೀಯಾ? ಕಿವೀಲಿರೋದ್ ತೆಗಿಯೇ, ನಾನೂ ಕೇಳ್ತೀನಿ.”

ಗಂಗಾಲಕ್ಷ್ಮಿ ವೈರು ಎಳೆದಳು. ಕೋಣೆಯ ತುಂಬ ಅಮ್ಮನ ದನಿ:

“ಎಂಗ್ ಮಾಡ್ದಪ್ಪ ಇದ್ನ? ನಮ್ಗೂ ಹೇಳು.”